ಆನ್‌ಲೈನೋ ಕ್ಲಾಸೋ: ವಿದ್ಯಾರ್ಥಿ ಹಾಕುವ ಲೆಕ್ಕ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲು ಹತ್ತಿ ಕೂತರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆದರೆ ಮನೆಯಿಂದ ಸ್ಟೇಷನ್ನಿಗೆ ಬರಬೇಕು, ಮೈಸೂರಲ್ಲಿ ಇಳಿದು ವಿಶ್ವವಿದ್ಯಾನಿಲಯದ ಗಂಗೋತ್ರಿ ಕ್ಯಾಂಪಸ್ ಸೇರಬೇಕು. ಎಲ್ಲ ಸೇರಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆ. ವಾರಕ್ಕೆ ಆರು ದಿನ, ಸೆಮಿಸ್ಟರಿಗೆ ಹದಿನೈದು ವಾರ ಅಂದರೆ 90 ದಿನ. ಒಟ್ಟು 270 ಗಂಟೆ. ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡಿ. ಥಿಯರಿಯ ಒಂದು ಕ್ರೆಡಿಟ್ ಅಂದರೆ ವಾರಕ್ಕೊಂದು ಗಂಟೆಯ ಪಾಠ, ಹದಿನೈದು ವಾರಕ್ಕೆ 15 ಗಂಟೆ. ಹಾಗಾದರೆ ಆ 270 ಗಂಟೆ 18 ಕ್ರೆಡಿಟ್‌ಗೆ ಸಮ. ಒಂದು ಸೆಮಿಸ್ಟರಿನ ಪಾಠಕ್ಕೆ ಹಿಡಿಯುವಷ್ಟೇ ಹೊತ್ತು ಹೆಚ್ಚುಕಮ್ಮಿ ಬೋಗಿಯಲ್ಲಿ, ಬಸ್ಸಿನಲ್ಲಿ ಕಳೆದುಹೋಗುತ್ತದೆ.

ಈ ಲೆಕ್ಕ ಬದಿಗಿಟ್ಟು ‘ನಿಮಗೆ ಆನ್‌ಲೈನ್ ಇಷ್ಟವೋ, ಕ್ಲಾಸ್ ಇಷ್ಟವೋ’ ಎಂದು ಕೇಳಿದರೆ ಬರುವ ಉತ್ತರಕ್ಕೆ ಹೆಚ್ಚು ಬೆಲೆಯಿಲ್ಲ. ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು ಕುಕ್ಕರಹಳ್ಳಿ ಕೆರೆ ಕಡೆಯಿಂದ ನಡೆದು ಬರುವವನಿಗೆ ಒಂಬತ್ತೂವರೆ ಕ್ಲಾಸಿಗೆ ಒಂಬತ್ತಕ್ಕೆ ಹೊರಟರೂ ಆಯಿತು. ಪಾಂಡವಪುರದ ಆಚೆಯ ಹಳ್ಳಿಯಿಂದ ಬರುವವಳಿಗೆ ಅದೇ ಕ್ಲಾಸು ಅಂದರೆ ಊರಿನ ಮೊದಲ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಚಾರ್ಜು ಉಳಿಯಿತು, ಹೊತ್ತು ಉಳಿಯಲಿಲ್ಲ. ಹುಡುಗರಿಗೆ ಪಾಸಿನ ಖರ್ಚು ಇದ್ದೇ ಇದೆ. ಮಂಡ್ಯದವನೂ ಸೇರಿ ಈ ಮೂವರೂ ಸರ್ವೆ ಫಾರಂನಲ್ಲಿ ‘ಆನ್‌ಲೈನ್’ ಎಂದೇ ಟಿಕ್ ಹಾಕಬಹುದು. ಮೂವರ ಟಿಕ್‌ಗೂ ಮೂರು ಅರ್ಥ.

ಯಾವ ಆನ್‌ಲೈನ್?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಒಂದೇ ಮಾತಿನ ಅಡಿಯಲ್ಲಿ ನಾಲ್ಕು ಬೇರೆ ಬೇರೆ ವ್ಯವಸ್ಥೆಗಳಿವೆ.

ಮೇಷ್ಟ್ರು ಗೂಗಲ್ ಮೀಟ್‌ನಲ್ಲೋ ಜೂಮ್‌ನಲ್ಲೋ ಟೈಂಟೇಬಲ್ ಪ್ರಕಾರ ಪಾಠ ಮಾಡುವುದು ಲೈವ್ ಕ್ಲಾಸ್. ಪ್ರಯಾಣ ಉಳಿಯುತ್ತದೆ, ಆದರೆ ಗಡಿಯಾರ ಕಾಲೇಜಿನದೇ. ಎರಡನೆಯದು ‘ಸ್ವಯಂ’ ತರಹದ ರೆಕಾರ್ಡೆಡ್ ಕೋರ್ಸು: ವೀಡಿಯೊ, ಓದುವ ಪಠ್ಯ, ಚರ್ಚೆಯ ಜಾಗ, ಅಸೈನ್‌ಮೆಂಟ್ ಎಂಬ ನಾಲ್ಕು ಭಾಗ. 2017ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಈ ವೇದಿಕೆಯ ಹಲವು ಕೋರ್ಸುಗಳು ತಯಾರಾಗಿರುವುದು ನಮ್ಮ ಮಾನಸಗಂಗೋತ್ರಿಯಲ್ಲಿರುವ, ಪಾಠದ ವೀಡಿಯೊ ತಯಾರಿಸುವ ಇಎಂಆರ್‌ಸಿ ಕೇಂದ್ರದ ಸ್ಟುಡಿಯೋದಲ್ಲೇ. ಮೂರನೆಯದು ಪ್ರವೇಶದಿಂದ ಪರೀಕ್ಷೆಯವರೆಗೆ ಪೂರ್ತಿ ಆನ್‌ಲೈನ್ ಆಗಿರುವ ಡಿಗ್ರಿ. ನಾಲ್ಕನೆಯದು ದೂರಶಿಕ್ಷಣ. ಜನರ ಬಾಯಲ್ಲಿ ಅದು ಇವತ್ತಿಗೂ ‘ಕರೆಸ್ಪಾಂಡೆನ್ಸ್’. ಮೈಸೂರಿಗೆ ಇದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತ್ತು. ಅದರ ಬೇರಿನಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು.

ಇನ್ನೊಂದಿದೆ, ಅದನ್ನು ಈ ಪಟ್ಟಿಗೆ ಸೇರಿಸಲೇಬಾರದು: 2020ರ ಲಾಕ್‌ಡೌನ್ ಕಾಲದ ಪಾಠ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ನಡೆದದ್ದು ಅದು. ತಯಾರಿ ಇಲ್ಲದ ಮೇಷ್ಟ್ರು, ಮನೆಗೊಂದೇ ಫೋನು, ಸಿಗ್ನಲ್ಲಿಗಾಗಿ ಮಹಡಿ ಹತ್ತುವ ಮಕ್ಕಳು. ‘ಆನ್‌ಲೈನ್ ಅಂದ್ರೆ ಬೇಡಪ್ಪ’ ಎನ್ನುವವರಲ್ಲಿ ಬಹಳ ಜನ ಇವತ್ತಿಗೂ ಬೇಡ ಎನ್ನುತ್ತಿರುವುದು ಆ ವರ್ಷವನ್ನು.

ಪೇಪರ್‌ನಿಂದ ಪೇಪರ್‌ಗೆ ಉತ್ತರ ಬೇರೆ

ಒಬ್ಬ ವಿದ್ಯಾರ್ಥಿಯನ್ನೇ ಪೇಪರ್‌ವಾರು ಕೇಳಿ ನೋಡಿ, ಉತ್ತರ ಬದಲಾಗುತ್ತದೆ. ಕಾರಣ ಅರ್ಥವಾಗಲು ಬಿಎಸ್ಸಿ ಕೆಮಿಸ್ಟ್ರಿಯ ಟೈಟ್ರೇಷನ್ ಹತ್ತಿರದಿಂದ ನೋಡಬೇಕು. ದ್ರಾವಣ ಹನಿಹನಿಯಾಗಿ ಬಿಡುವ ಗಾಜಿನ ಅಳತೆ ಕೊಳವೆ, ಅಂದರೆ ಬ್ಯೂರೆಟ್‌ನ ಅತಿ ಚಿಕ್ಕ ಗೆರೆ 0.1 ಮಿ.ಲೀ. ಒಂದು ಹನಿ ಸುಮಾರು 0.05 ಮಿ.ಲೀ. ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಹಾಕಿದ ಆಮ್ಲಕ್ಕೆ ಕ್ಷಾರ ಬಿಡುತ್ತಾ ಹೋದಾಗ ಗುಲಾಬಿ ಬಣ್ಣ ಮಿಂಚಿ ಮಿಂಚಿ ಮರೆಯಾಗುತ್ತದೆ, ಕೊನೆಗೊಂದು ಹನಿಗೆ ತೆಳುವಾಗಿ ನಿಲ್ಲುತ್ತದೆ. ಆ ಹನಿಗೆ ಮುಂಚೆ ಎಡಗೈ ಕೊಳವೆಯ ನಲ್ಲಿಯಾದ ಸ್ಟಾಪ್‌ಕಾಕನ್ನು ಕಾಲು ತಿರುವಿಗಿಂತ ಕಡಿಮೆ ತಿರುಗಿಸಿ ಹಿಡಿದಿರಬೇಕು, ಬಲಗೈ ಫ್ಲಾಸ್ಕ್ ಆಡಿಸುತ್ತಿರಬೇಕು. ಕೈ ತಪ್ಪಿದರೆ ಕಡುಗುಲಾಬಿ. ಆ ರೀಡಿಂಗ್ ಹೋಯಿತು, ಮತ್ತೆ ಮೊದಲಿಂದ. ಕಂಪ್ಯೂಟರಿನ ವರ್ಚುವಲ್ ಲ್ಯಾಬ್‌ನಲ್ಲಿ ಮೌಸ್ ಒತ್ತಿದಷ್ಟು ಬಾರಿ ಅಳತೆಯ ಹನಿ ಬೀಳುತ್ತದೆ, ಕೈ ನಡುಗುವುದಿಲ್ಲ. ಪ್ರಯೋಗದ ಕ್ರಮ ಅಲ್ಲಿ ಚೆನ್ನಾಗಿ ತಲೆಗೆ ಹತ್ತುತ್ತದೆ. ಕೈಗೆ ಹತ್ತುವುದಿಲ್ಲ. ಪ್ರಾಕ್ಟಿಕಲ್ಸ್ ಇರುವ ಪೇಪರ್‌ಗಳಿಗೆ ವಿದ್ಯಾರ್ಥಿಗಳು ಕ್ಲಾಸನ್ನೇ ಕೇಳುವುದರಲ್ಲಿ ಹಳೆಯ ಕಾಲದ ಮೋಹವೇನೂ ಇಲ್ಲ.

ಗಣಿತದ ಕಥೆ ಇನ್ನೊಂದು ರೀತಿ. ಬೋರ್ಡಿನ ಮೇಲೆ ಹತ್ತು ಸಾಲಿನ ಸಾಧನೆ ಬರೆಯುವಾಗ ಮೇಷ್ಟ್ರು ಆರನೇ ಸಾಲಿಗೆ ತಿರುಗಿ ನೋಡುತ್ತಾರೆ. ಅರ್ಧ ಕ್ಲಾಸು ಪೆನ್ನು ಎತ್ತಿ ಕೂತಿದ್ದರೆ ಹಿಂದಿನ ಸಾಲಿಗೆ ಹೋಗುತ್ತಾರೆ. ಕ್ಯಾಮೆರಾ ಆಫ್ ಮಾಡಿಕೊಂಡ ಅರವತ್ತು ಹೆಸರುಗಳ ಮುಂದೆ ಈ ತಿದ್ದುಪಡಿ ನಡೆಯುವುದಿಲ್ಲ. ರೆಕಾರ್ಡಿಂಗ್‌ನಲ್ಲಂತೂ ಮೇಷ್ಟ್ರಿಗೆ ಯಾರ ಮುಖವೂ ಇಲ್ಲ. ಆದರೆ ವಿದ್ಯಾರ್ಥಿಯೇ ಆರನೇ ಸಾಲಿಗೆ ನಾಲ್ಕು ಸಲ ಹಿಂದಕ್ಕೆ ಹೋಗಬಹುದು. ಅರ್ಥವಾಗದೇ ಇರುವುದು ಎಲ್ಲಿ ಎಂದು ಗೊತ್ತಿರುವವರಿಗೆ ರೆಕಾರ್ಡಿಂಗ್ ವರ, ಅದೂ ಗೊತ್ತಾಗದವರಿಗೆ ಕ್ಲಾಸೇ ಗತಿ.

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರನ್ನು ಇಲ್ಲಿ ಪ್ರತ್ಯೇಕವಾಗಿ ನೋಡಬೇಕು. ಇಂಗ್ಲಿಷ್ ಪಾಠ ಕ್ಲಾಸಿನಲ್ಲಿ ಒಮ್ಮೆ ಕಿವಿ ದಾಟಿದರೆ ಮುಗಿಯಿತು, ‘ಇನ್ನೊಂದ್ಸಲ ಹೇಳಿ ಸರ್’ ಎನ್ನಲು ನಾಚಿಕೆ. ವೀಡಿಯೊ ಮುಂದೆ ನಾಚಿಕೆಯಿಲ್ಲ. ವೇಗ ಮುಕ್ಕಾಲಿಗೆ ಇಳಿಸಬಹುದು, ಕೆಳಗೆ ಅಕ್ಷರ ಬರಿಸಿಕೊಂಡು ಗೊತ್ತಿಲ್ಲದ ಪದ ಬರೆದಿಟ್ಟುಕೊಳ್ಳಬಹುದು. ಇದೇ ವಿದ್ಯಾರ್ಥಿ ಅನುಮಾನ ಕೇಳಲು ಮಾತ್ರ ಕ್ಲಾಸನ್ನೇ ಹುಡುಕುತ್ತಾನೆ. ಅಲ್ಲಿ ಕಾರಿಡಾರಿನಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಚರ್ಚಾ ಜಾಗದಲ್ಲಿ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು.

ಕಾಮರ್ಸ್, ಇತಿಹಾಸ, ಕಂಪ್ಯೂಟರ್ ಅಪ್ಲಿಕೇಷನ್‌ನ ಬೇಸಿಕ್ ಪೇಪರ್‌ಗಳಿಗೆ ಆನ್‌ಲೈನ್ ಸಾಕು ಎನ್ನುವವರು ಹೆಚ್ಚು ಸಿಗುತ್ತಾರೆ. ಅದರಲ್ಲಿ ವಿಶೇಷವೇನಿಲ್ಲ.

ಆರೂವರೆ ಇಂಚಿನ ಕ್ಲಾಸ್‌ರೂಮು

ಆನ್‌ಲೈನ್ ಪಾಠದ ಬಗ್ಗೆ ಬರೆಯುವವರು ಲ್ಯಾಪ್‌ಟಾಪ್ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಕೇಳುವವರ ಕೈಯಲ್ಲಿರುವುದು ಫೋನು. ಆರೂವರೆ ಇಂಚಿನ ಫೋನಿನ ಪರದೆ ಸುಮಾರು 6.8 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ. ಎ4 ಹಾಳೆಯ ಅಗಲ 21 ಸೆಂ.ಮೀ. ಆ ಹಾಳೆಯಲ್ಲಿ 12 ಪಾಯಿಂಟ್ ಅಕ್ಷರದಲ್ಲಿ ಟೈಪಾದ ನೋಟ್ಸ್ ನೆಟ್ಟಗೆ ಹಿಡಿದ ಫೋನಿನಲ್ಲಿ ಪೂರ್ತಿ ಕಾಣುವಂತೆ ಕೂತರೆ ಅಕ್ಷರ 4 ಪಾಯಿಂಟಿಗೆ ಇಳಿಯುತ್ತದೆ. ಮಾತ್ರೆ ಪಟ್ಟಿಯ ಹಿಂದಿನ ಅಕ್ಷರದ ಹಾಗೆ. ಅಡ್ಡ ಹಿಡಿದರೆ ಎಂಟೂವರೆ ಪಾಯಿಂಟ್, ಓದಬಹುದು, ಆದರೆ ಪುಟದ ಮೂರನೇ ಒಂದು ಭಾಗಕ್ಕೊಮ್ಮೆ ಸರಿಸಬೇಕು. ಎಕ್ಸೆಲ್ ಹಾಳೆ ತೋರಿಸಿ ಅಕೌಂಟ್ಸ್ ಹೇಳಿಕೊಡುವ ಮೇಷ್ಟ್ರಿಗೆ ಇದು ಗೊತ್ತಿರಲೇಬೇಕು. ಸ್ಲೈಡಿಗೆ ಆರು ಸಾಲು, ಹಾಳೆಯಲ್ಲಿ ಒಮ್ಮೆಗೆ ನಾಲ್ಕೈದು ಕಾಲಂ. ಅದಕ್ಕಿಂತ ಹೆಚ್ಚಾದರೆ ಅರ್ಧ ಕ್ಲಾಸಿಗೆ ಕಾಣಿಸುತ್ತಿಲ್ಲ ಎಂದೇ ಲೆಕ್ಕ.

ಡೇಟಾ ಲೆಕ್ಕ ಸುಲಭ. ವೀಡಿಯೊ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಳೆಯುತ್ತದೆ ನೋಡಿ, 3,600ರಿಂದ ಗುಣಿಸಿ, ಎಂಟರಿಂದ ಭಾಗಿಸಿ. 500 ಕಿಲೋಬಿಟ್‌ನ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 225 ಎಂಬಿ. ಸ್ಪಷ್ಟ ಚಿತ್ರಕ್ಕೆ 1.5 ಮೆಗಾಬಿಟ್ ಎಳೆದರೆ 675 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿದವರಿಗೆ ಎರಡನೇ ಲೆಕ್ಕದಲ್ಲಿ ಎರಡು ಗಂಟೆಯ ಪಾಠ ಮುಗಿಯುವಷ್ಟರಲ್ಲಿ ದಿನದ ಡೇಟಾ ಮುಗಿದಂತೆ. ಮೂರನೇ ಪೀರಿಯಡ್‌ನಲ್ಲಿ ಮೇಷ್ಟ್ರು ಬಾಯಿ ತೆರೆದು ನಿಂತುಬಿಡುತ್ತಾರೆ. ರೆಕಾರ್ಡೆಡ್ ಕೋರ್ಸಿನಲ್ಲಿ ಗುಣಮಟ್ಟ ಇಳಿಸುವ, ಕ್ಯಾಂಪಸ್ಸಿನ ವೈಫೈನಲ್ಲಿ ಇಳಿಸಿಕೊಂಡು ಹೋಗುವ ದಾರಿಯಾದರೂ ಇದೆ. ಲೈವ್‌ನಲ್ಲಿ ಇರುವ ಉಪಾಯ ಒಂದೇ: ಬರುವ ವೀಡಿಯೊ ನಿಲ್ಲಿಸಿ ಬರೀ ದನಿ ಕೇಳುವುದು. ಅದಕ್ಕಾಗಿ ಸ್ಲೈಡುಗಳನ್ನು ಕ್ಲಾಸಿಗೆ ಮುಂಚೆಯೇ ವಾಟ್ಸಾಪಿಗೆ ಹಾಕುವ ಮೇಷ್ಟ್ರಿಗೆ ಪುಣ್ಯ ಬರಬೇಕು.

ಬರದಿದ್ದರೆ ಯಾರು ಕೇಳುತ್ತಾರೆ?

ರೆಗ್ಯುಲರ್ ಡಿಗ್ರಿಯಲ್ಲಿ ಶೇ. 75 ಹಾಜರಾತಿ ಬೇಕು. 45 ಗಂಟೆಯ ಪೇಪರ್‌ಗೆ 34 ಕ್ಲಾಸು ಕೂರಲೇಬೇಕು, 11 ತಪ್ಪಿಸಬಹುದು. ವಿದ್ಯಾರ್ಥಿಗಳು ಈ ಶಾರ್ಟೇಜ್ ಲೆಕ್ಕವನ್ನು ಎಷ್ಟು ಬೈದರೂ ಹೆಚ್ಚಿನವರನ್ನು ಪರೀಕ್ಷೆ ಹಾಲ್‌ವರೆಗೆ ತಂದು ಬಿಡುವುದು ಅದೇ. ಹಿಂದಿನ ಬೆಂಚಿನಲ್ಲಿ ಕೂತು ಅರ್ಧ ಕೇಳಿದ್ದರೂ ಸಿಲಬಸ್ ಎಲ್ಲಿಗೆ ಬಂತು ಎಂಬುದು ಗೊತ್ತಿರುತ್ತದೆ.

ರೆಕಾರ್ಡೆಡ್ ಕೋರ್ಸಿನಲ್ಲಿ ಈ ದಬ್ಬುವ ಕೈ ಇಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸುಗಳ ಅಂಕಿಅಂಶವನ್ನು 2019ರಲ್ಲಿ ಸಂಶೋಧಕರು ಪ್ರಕಟಿಸಿದರು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ. 3ರಷ್ಟು ಮಾತ್ರ. ದುಡ್ಡು ಕಟ್ಟಿ ಸರ್ಟಿಫಿಕೇಟ್ ದಾರಿ ಹಿಡಿದವರಲ್ಲಿ ಶೇ. 46. ಬಿಟ್ಟಿ ಸಿಕ್ಕಿದ್ದರ ಬೆಲೆ ಅಷ್ಟೇ ಎಂದು ನಗಬಹುದು. ಸುಮ್ಮನೆ ಇಣುಕಿ ನೋಡಲು ಬಂದವರೂ ಆ ಲೆಕ್ಕದಲ್ಲಿದ್ದಾರೆ ಎಂಬುದನ್ನೂ ಮರೆಯಬಾರದು. ನಮ್ಮಲ್ಲಿ ಜಾರುವ ಜಾಗ ಸಾಮಾನ್ಯವಾಗಿ ಒಂದೇ. ಮೂರನೇ, ನಾಲ್ಕನೇ ವಾರಕ್ಕೆ ಕಾಲೇಜಿನ ಇಂಟರ್ನಲ್ಸ್ ಬರುತ್ತದೆ, ಆ ವಾರದ ಅಸೈನ್‌ಮೆಂಟ್ ತಪ್ಪುತ್ತದೆ, ಮುಂದಿನ ವಾರ ಎರಡು ವಾರದ ವೀಡಿಯೊ ಸೇರುತ್ತದೆ, ಆಮೇಲೆ ಆ ಆ್ಯಪ್ ತೆರೆಯುವುದಕ್ಕೇ ಭಯ.

ವೀಡಿಯೊ ಉದ್ದವೂ ಕಾರಣ. ಎಡ್ಎಕ್ಸ್ ವೇದಿಕೆಯಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ ಆರು ನಿಮಿಷದೊಳಗಿನ ವೀಡಿಯೊಗಳನ್ನೇ ಜನ ಪೂರ್ತಿ ನೋಡಿದ್ದು. ಐವತ್ತು ನಿಮಿಷದ ಕ್ಲಾಸನ್ನು ಹಾಗೇ ರೆಕಾರ್ಡ್ ಮಾಡಿ ಏರಿಸಿದರೆ ಆನ್‌ಲೈನ್ ಕೋರ್ಸ್ ಆಗುವುದಿಲ್ಲ, ಕ್ಲಾಸಿನ ವೀಡಿಯೊ ಆಗುತ್ತದೆ ಅಷ್ಟೇ.

ಸ್ವಯಂ ಕೋರ್ಸ್ ತಗೊಳ್ಳುವವರು ಎಡವುವ ಜಾಗಗಳು

ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನಲ್ಲಿ ನೀಡುವ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಓದಲು ವಿಶ್ವವಿದ್ಯಾನಿಲಯ ಅವಕಾಶ ಕೊಡಬಹುದು. ಮೊದಲು ಇದು ಶೇ. 20 ಇತ್ತು. ‘ಕೊಡಬಹುದು’ ಎಂಬಲ್ಲೇ ಎಲ್ಲ ಇದೆ. ನಿಮ್ಮ ಕಾಲೇಜು ಒಪ್ಪಿದ ಪಟ್ಟಿಯಲ್ಲಿ ಆ ಕೋರ್ಸ್ ಇಲ್ಲದಿದ್ದರೆ ಸರ್ಟಿಫಿಕೇಟ್ ಗೋಡೆಗೆ ಚೆಂದ, ಮಾರ್ಕ್ಸ್ ಕಾರ್ಡಿಗೆ ಬರುವುದಿಲ್ಲ. ಆದ್ದರಿಂದ ಸೇರುವ ಮೊದಲು ಡಿಪಾರ್ಟ್‌ಮೆಂಟಿನ ಸ್ವಯಂ ಕೋಆರ್ಡಿನೇಟರ್ ಹತ್ತಿರ ಹೋಗಿ ಯಾವ ಪೇಪರ್ ಬದಲಿಗೆ ಈ ಕೋರ್ಸ್, ಎಷ್ಟು ಕ್ರೆಡಿಟ್ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಕ್ರೆಡಿಟ್ ಹೊಂದಾಣಿಕೆ ತಪ್ಪುವುದು ಬಹಳ. ಐಐಟಿಗಳು ಸ್ವಯಂ ಮೂಲಕ ಕೊಡುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ 4 ವಾರಕ್ಕೆ 1, 8 ವಾರಕ್ಕೆ 2, 12 ವಾರಕ್ಕೆ 3 ಕ್ರೆಡಿಟ್. ಮೂರು ಕ್ರೆಡಿಟ್ ಪೇಪರ್ ಬದಲಿಗೆ ‘ಬೇಗ ಮುಗಿಯುತ್ತೆ’ ಎಂದು 8 ವಾರದ್ದು ಆರಿಸಿದರೆ ಒಂದು ಕ್ರೆಡಿಟ್ ಬಾಕಿ ಉಳಿದು ಡಿಗ್ರಿಯೇ ಸಿಕ್ಕಿಕೊಳ್ಳುತ್ತದೆ.

ಅಂಕದ ಲೆಕ್ಕ ಇನ್ನೂ ಮೋಸಗಾರ. ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟ್ 25, ಪರೀಕ್ಷೆ 75. ಹನ್ನೆರಡು ವಾರದ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಸರ್ಟಿಫಿಕೇಟ್ ಬೇಕಾದರೆ 25ಕ್ಕೆ ಕನಿಷ್ಠ 10, 75ಕ್ಕೆ ಕನಿಷ್ಠ 30, ಎರಡೂ ಪ್ರತ್ಯೇಕವಾಗಿ ಬರಬೇಕು. ಅಸೈನ್‌ಮೆಂಟಿನಲ್ಲಿ 25ಕ್ಕೆ 25, ಪರೀಕ್ಷೆಯಲ್ಲಿ 28 ತೆಗೆದವನಿಗೆ ಒಟ್ಟು 53 ಆದರೂ ಇಲ್ಲ. ಅಸೈನ್‌ಮೆಂಟ್ ಅಸಡ್ಡೆ ಮಾಡಿ 8ಕ್ಕೆ ನಿಂತು ಪರೀಕ್ಷೆಯಲ್ಲಿ 60 ತೆಗೆದವಳಿಗೆ 68 ಆದರೂ ಇಲ್ಲ. ಎರಡನೆಯದೇ ಹೆಚ್ಚು ಹೊಟ್ಟೆ ಉರಿಸುವುದು.

ಕೋರ್ಸ್ ಸೇರುವುದು ಉಚಿತ, ಪರೀಕ್ಷೆಗೆ ಬೇರೆ ನೋಂದಣಿ, ಬೇರೆ ಶುಲ್ಕ. ಸೇರಿದ ಕೂಡಲೇ ಎಲ್ಲ ಮುಗಿಯಿತೆಂದುಕೊಂಡು ಪರೀಕ್ಷಾ ನೋಂದಣಿಯ ಕೊನೆಯ ದಿನ ತಪ್ಪಿಸಿಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಹೆಸರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ತುಂಬಿ, ಇನಿಷಿಯಲ್ ಹಿಂದೆಯೋ ಮುಂದೆಯೋ ಎನ್ನುವುದೂ ಸೇರಿ. ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ, ಕೇಂದ್ರಕ್ಕೆ ಹೋಗಬೇಕು. ನೋಂದಣಿ ವೇಳೆ ಊರು ಆರಿಸುವಾಗಲೇ ಆ ದಿನ ಕಾಲೇಜಿನ ಪರೀಕ್ಷೆ ಇದೆಯೇ ನೋಡಿಕೊಳ್ಳಿ.

ಡಿಗ್ರಿಯೇ ಆನ್‌ಲೈನ್ ಆದರೆ

ಇಲ್ಲಿ ಇಷ್ಟ ಎನ್ನುವ ಮಾತಿಗಿಂತ ಬದುಕಿನ ಅನಿವಾರ್ಯ ದೊಡ್ಡದು. ಅಂಗಡಿ, ಗಾರ್ಮೆಂಟ್ಸ್, ಕಬ್ಬಿನ ಗದ್ದೆ, ಚಿಕ್ಕ ಮಗು ನೋಡಿಕೊಳ್ಳುತ್ತ ಓದುವವರಿಗೆ ರೆಗ್ಯುಲರ್ ಎಂಬ ಆಯ್ಕೆಯೇ ಇರುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಮತ್ತು ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮಾನ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ‘ಮಾನ್ಯತೆ ಪಡೆದ’ ಎಂಬ ಮಾತಿನ ತೂಕ ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ಮುಕ್ತ ವಿವಿಯ ಮಾನ್ಯತೆ ಕೆಲವು ವರ್ಷ ತಪ್ಪಿಹೋಗಿ 2018ರಲ್ಲಿ ಮರಳಿ ಸಿಕ್ಕಿದ್ದನ್ನು ಊರೇ ನೋಡಿದೆ. ಆದ್ದರಿಂದ ವಿಶ್ವವಿದ್ಯಾನಿಲಯದ ಹೆಸರು ನೋಡಿದರೆ ಸಾಲದು. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಅನುಮತಿ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ನೋಡಬೇಕು. ಈಗ ಪ್ರವೇಶಕ್ಕೆ ಮುಂಚೆ ಕ್ರೆಡಿಟ್‌ಗಳನ್ನು ಜಮಾ ಮಾಡುವ ಖಾತೆಯ ಎಬಿಸಿ ಐಡಿ, ಅದರ ಮೇಲೆ ಆ ಬ್ಯೂರೋದ ಡೆಬ್ ಐಡಿ ಮಾಡಿಕೊಳ್ಳುವುದೂ ಕಡ್ಡಾಯ. ಎಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಡಿಗ್ರಿಗಳನ್ನು ಹೀಗೆ ಕೊಡುವಂತಿಲ್ಲ. ಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಅಲ್ಲಿಗೇ ಕಟ್ ಮಾಡಿ.

ಇಷ್ಟವಾದದ್ದರಲ್ಲೇ ಕಲಿತೆವೇ?

ಹಾರ್ವರ್ಡ್‌ನ ಭೌತಶಾಸ್ತ್ರ ಕ್ಲಾಸಿನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಒಂದೇ ಪಾಠ, ಒಂದು ಗುಂಪಿಗೆ ನಯವಾದ ಉಪನ್ಯಾಸ, ಇನ್ನೊಂದಕ್ಕೆ ತಾವೇ ಲೆಕ್ಕ ಬಿಡಿಸುತ್ತಾ ಒದ್ದಾಡುವ ಕೆಲಸ. ಪರೀಕ್ಷೆಯಲ್ಲಿ ಒದ್ದಾಡಿದವರೇ ಮುಂದೆ. ಆದರೆ ‘ಹೆಚ್ಚು ಕಲಿತೆ ಅನಿಸಿತಾ’ ಎಂದಾಗ ಹೌದೆಂದವರು ಉಪನ್ಯಾಸ ಕೇಳಿದವರು. ಸರಾಗವಾಗಿ ಕಿವಿಗಿಳಿದದ್ದು ಅರ್ಥವಾಯಿತು ಎಂಬ ಭ್ರಮೆ ಕೊಡುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ವೀಡಿಯೊ ಓಡಿಸಿ ‘ಯೂನಿಟ್ ಮುಗೀತು’ ಎನ್ನುವವರಿಗೂ, ಒಳ್ಳೆಯ ಮಾತುಗಾರ ಮೇಷ್ಟ್ರ ಕ್ಲಾಸಿನಿಂದ ತಲೆದೂಗುತ್ತಾ ಹೊರಬರುವವರಿಗೂ ಇದು ಅನ್ವಯ.

ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡನ್ನೂ ಬೆರೆಸಿದ ಕೋರ್ಸುಗಳು ಬರೀ ಕ್ಲಾಸಿಗಿಂತ ಮೇಲಾಗಿ ಕಂಡವು. ಆದರೆ ಬೆರೆಸಿದ ಕಡೆ ವಿದ್ಯಾರ್ಥಿಗಳಿಗೆ ಹೆಚ್ಚು ಹೊತ್ತು, ಹೆಚ್ಚು ಸಾಮಗ್ರಿ ಸಿಕ್ಕಿತ್ತು. ಗೆದ್ದದ್ದು ಪರದೆಯೋ ಆ ಹೆಚ್ಚುವರಿ ಹೊತ್ತೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ ಎಂದು ವರದಿಯೇ ಎಚ್ಚರಿಸಿದೆ.

ಪ್ರಾಜೆಕ್ಟ್‌ಗಾಗಿ ಈ ವಿಷಯದ ಮೇಲೆ ಸರ್ವೆ ಮಾಡುವ ಎಂಎಡ್, ಎಂಬಿಎ ವಿದ್ಯಾರ್ಥಿಗಳಿಗೆ ಒಂದು ಮಾತು. ವಾಟ್ಸಾಪ್ ಗುಂಪಿಗೆ ಗೂಗಲ್ ಫಾರಂ ಹಾಕಿದರೆ ನೆಟ್ ಚೆನ್ನಾಗಿರುವವರು ತುಂಬುತ್ತಾರೆ, ಕ್ಲಾಸಿನಲ್ಲಿ ಹಾಳೆ ಹಂಚಿದರೆ ಕ್ಲಾಸಿಗೆ ಬರುವವರು ತುಂಬುತ್ತಾರೆ. ಎರಡರಲ್ಲೂ ಉತ್ತರ ಮೊದಲೇ ವಾಲಿದೆ. 400 ಜನರಿಂದ ಶೇ. 5ರಷ್ಟು ಆಚೀಚೆಯ ಲೆಕ್ಕ ಸಿಗುತ್ತದೆ ಎನ್ನುವುದು ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದಾಗ ಮಾತ್ರ ನಿಜ. ಪೇಪರ್ ಹೆಸರು ಹಾಕಿ ಕೇಳಿ. ಮನೆಯಿಂದ ಕಾಲೇಜಿಗೆ ಎಷ್ಟು ನಿಮಿಷ, ಫೋನೋ ಲ್ಯಾಪ್‌ಟಾಪೋ, ದಿನಕ್ಕೆ ಎಷ್ಟು ಡೇಟಾ ಎಂಬ ಮೂರು ಪ್ರಶ್ನೆ ಸೇರಿಸಿ. ಆಮೇಲೆ ಉತ್ತರವನ್ನು ಪ್ರಯಾಣದ ನಿಮಿಷಕ್ಕೆ ತಕ್ಕಂತೆ ವಿಂಗಡಿಸಿ ನೋಡಿ.

ಕಾಲೇಜುಗಳು ಆನ್‌ಲೈನ್ ಪೇಪರ್ ಕೊಟ್ಟೂ ವಿದ್ಯಾರ್ಥಿಗಳಿಗೆ ಉಪಯೋಗವಾಗದೇ ಹೋಗುವುದು ಟೈಂಟೇಬಲ್‌ನಲ್ಲಿ. ಹತ್ತೂವರೆಗೆ ಒಂದು ಕ್ಲಾಸು, ಎರಡಕ್ಕೆ ಇನ್ನೊಂದು, ನಡುವೆ ಆನ್‌ಲೈನ್ ಎಂದಿಟ್ಟರೆ ಮಂಡ್ಯದ ಹುಡುಗ ಮರದ ಕೆಳಗೆ ಕೂತು ಇಯರ್‌ಫೋನ್ ಹಾಕಿಕೊಳ್ಳುತ್ತಾನೆ. ರೈಲಿನ ಒಂದು ನಿಮಿಷವೂ ಉಳಿಯಲಿಲ್ಲ. ಅದೇ ಆನ್‌ಲೈನ್ ಪೀರಿಯಡ್‌ಗಳನ್ನೆಲ್ಲ ಶನಿವಾರಕ್ಕೆ ಒಟ್ಟು ಮಾಡಿ ಆ ದಿನ ಕ್ಯಾಂಪಸ್ಸಿಗೆ ಬರುವುದನ್ನು ತಪ್ಪಿಸಿದರೆ ವಾರಕ್ಕೆ ಮೂರು ಗಂಟೆ, ಹದಿನೈದು ವಾರಕ್ಕೆ 45 ಗಂಟೆ ಉಳಿಯುತ್ತದೆ. ಮೂರು ಕ್ರೆಡಿಟ್‌ನ ಒಂದು ಪೂರ್ತಿ ಪೇಪರ್‌ನಷ್ಟು ಹೊತ್ತು.